ಒಡೆಯದೆ ಒಳಗನ್ನು ತಿಳಿಯುವ ಬಗೆ

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ಚಿಕ್ಕನಾಯಕನಹಳ್ಳಿಯಲ್ಲಿ ನಡೆದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಗಳು ನನಗೆ ಫೋನ್ ಮಾಡಿ, "ಪಿಯುಸಿ ಆದ ಮೇಲೆ ಮುಂದೇನು ಅನ್ನೋ ವಿಷಯ ಮಾತಾಡಿ ಸಾರ್" ಎಂದು ಕೇಳಿದರು. ಆ ವಿಷಯವನ್ನು ನನಗಿಂತ ಚೆನ್ನಾಗಿ ಹೇಳುವವರು ಬೆಳಗಿನ ಗೋಷ್ಠಿಯಲ್ಲಿ ಮಾತನಾಡಿದ್ದಾರೆ. ನಾನು ಬಹಳ ವರ್ಷ ಭೌತಶಾಸ್ತ್ರದ ಪಾಠ ಮಾಡಿದವನು. ನನಗೆ ಬಹಳ ಪ್ರಿಯವಾದ ಒಂದು ವಿಷಯವನ್ನು ನಿಮ್ಮ ಮುಂದಿಡುತ್ತೇನೆ, ಮುಂದೇನು ಎಂಬ ಪ್ರಶ್ನೆಗೂ ಅದರಲ್ಲೇ ಸ್ವಲ್ಪ ಉತ್ತರ ಸಿಗಬಹುದು ಎಂದು ಒಪ್ಪಿಸಿ ಬಂದಿದ್ದೇನೆ. ವಿಷಯ: ಆಲ್ಫಾ ಕ್ಷಯ ಮತ್ತು ನ್ಯೂಕ್ಲಿಯಸ್ಸಿನ ಆಕಾರ. ಹೆಸರು ಕೇಳಿ ಹಿಂದಿನ ಸಾಲಿನವರು ಊಟದ ಕಡೆ ಹೊರಡಬೇಡಿ. ಮೊದಲು ಕೊಬ್ಬರಿಯ ಮಾತು ಆಡೋಣ.

ಹುಳಿಯಾರಿನಲ್ಲಿ ನಮ್ಮ ನಾನಿಯ ಮನೆಗೆ ಒಂದು ಅಟ್ಟ ಇತ್ತು. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿದರೆ ಹತ್ತು ಹನ್ನೊಂದು ತಿಂಗಳು ಅದರ ತಂಟೆಗೆ ಹೋಗುವಂತಿಲ್ಲ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಗಿಟುಕಾಗಬೇಕು. ಇದನ್ನೆಲ್ಲ ನಾನು ನಿಮಗೆ ಹೇಳಬೇಕಾಗಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಮಕ್ಕಳಿಗೆ ಇದು ಗೊತ್ತಿದೆ. ನಾನಿ ಆಗಾಗ ಒಂದು ಕಾಯಿ ಇಳಿಸಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ನೀರು ಕುಲುಕಿದರೆ ಇನ್ನೂ ಆಗಿಲ್ಲ. ಏನೂ ಕೇಳದಿದ್ದರೆ ತಿರುಳು ಚಿಪ್ಪಿಗೆ ಅಂಟಿಕೊಂಡೇ ಇದೆ. ಗಡಗಡ ಎಂದರೆ ಉಂಡೆ ಕೊಬ್ಬರಿ ಸಿದ್ಧ. ಕೆಟ್ಟದ್ದರ ಸದ್ದು ಬೇರೆ, ಅದನ್ನು ಮಾತಿನಲ್ಲಿ ಹೇಳಲು ಬರುವುದಿಲ್ಲ, ನಾನಿಯ ಕಿವಿಗೆ ಮಾತ್ರ ಗೊತ್ತಾಗುತ್ತಿತ್ತು. ಒಮ್ಮೆ ನಾನು ಒಳಗೆ ಏನಾಗಿದೆ ನೋಡೋಣ ಎಂದು ಒಂದು ಕಾಯಿ ಒಡೆದುಬಿಟ್ಟೆ. ಅದು ಅರ್ಧ ಒಣಗಿತ್ತು. ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಅಂದು ತಿಂದ ಬೈಗುಳ ಇಂದಿಗೂ ನೆನಪಿದೆ.

ಒಡೆಯದೆ ಒಳಗನ್ನು ತಿಳಿಯಬೇಕು. ನ್ಯೂಕ್ಲಿಯಸ್ಸಿನ ವಿಜ್ಞಾನಿಗಳ ಕಷ್ಟವೂ ಇದೇ. ನ್ಯೂಕ್ಲಿಯಸ್ ಎಂಬುದು ಪರಮಾಣುವಿನ ನಟ್ಟನಡುವೆ ಇರುವ ಬೀಜ. (ತೀ.ನಂ.ಶ್ರೀ. ಅವರು ಹುಟ್ಟಿದ ತಾಲ್ಲೂಕಿನಲ್ಲಿ ನಿಂತು ಇಂಗ್ಲಿಷ್ ಪದ ಬಳಸಲು ನನಗೆ ಸ್ವಲ್ಪ ಅಳುಕು. ಆದರೆ ನಿಮ್ಮ ಪಠ್ಯಪುಸ್ತಕದಲ್ಲಿ ಇರುವುದೂ ಇದೇ ಪದ, ಇರಲಿ.) ಅದು ಎಷ್ಟು ಚಿಕ್ಕದು? ಸೀಸದ ಒಂದು ಪರಮಾಣುವಿನ ನ್ಯೂಕ್ಲಿಯಸ್ಸನ್ನು ಸುಲಿದ ತೆಂಗಿನಕಾಯಿಯಷ್ಟು ದೊಡ್ಡದು ಮಾಡಿ ನಿಮ್ಮ ಬಸ್ ನಿಲ್ದಾಣದ ಮಧ್ಯೆ ಇಟ್ಟರೆ, ಆ ಪರಮಾಣುವಿನ ಹೊರಗಿನ ಅಂಚು ಅಲ್ಲಿಂದ ಒಂದು ಕಿಲೋಮೀಟರಿಗೂ ಆಚೆ ಇರುತ್ತದೆ. ಇಂಥದ್ದರ ಆಕಾರವನ್ನು ಯಾವ ಸೂಕ್ಷ್ಮದರ್ಶಕದಲ್ಲೂ ನೋಡಲಾಗದು. ಆದರೂ ಯಾವ ನ್ಯೂಕ್ಲಿಯಸ್ ಉಂಡೆಯಾಗಿದೆ, ಯಾವುದು ಉದ್ದವಾಗಿದೆ, ಯಾವುದು ಚಪ್ಪಟೆಯಾಗಿದೆ ಎಂದು ಇಂದು ಹೇಳುತ್ತಾರೆ. ಹೇಗೆ ಎಂಬುದೇ ಇಂದಿನ ಮಾತು.

ಈ ಆಕಾರದ ಕಥೆಗೂ ನಮ್ಮ ಸೀಮೆಗೂ ಒಂದು ನಂಟಿದೆ. ಡಾ. ರಾಜಾ ರಾಮಣ್ಣ ಅವರು 1925ರ ಜನವರಿ 28ರಂದು ಹುಟ್ಟಿದ್ದು ಇಲ್ಲೇ ಪಕ್ಕದ ತಿಪಟೂರಿನಲ್ಲಿ. 2004ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳಲ್ಲಿ 1974ರ ಪೋಖ್ರಾನ್ ಮತ್ತು ಅವರ ಪಿಯಾನೋ ವಾದನದ ಬಗ್ಗೆಯೇ ಹೆಚ್ಚು ಬಂತು. ಅವರ ಭೌತಶಾಸ್ತ್ರ ಯಾವುದು ಎಂದು ಬರೆದವರು ಕಡಿಮೆ. ಯುರೇನಿಯಂ ನ್ಯೂಕ್ಲಿಯಸ್ ನೀರಿನ ಹನಿಯಂತೆ ಉದ್ದವಾಗಿ, ನಡುವೆ ಸಣ್ಣಗಾಗಿ, ಎರಡಾಗಿ ಸೀಳುತ್ತದೆ ಎಂದು 1939ರಲ್ಲಿ ಬೋರ್ ಮತ್ತು ವೀಲರ್ ವಿವರಿಸಿದ್ದರು. ಆ ಸೀಳಿಕೆಯನ್ನೇ ರಾಮಣ್ಣ ಅವರು ಟ್ರಾಂಬೆಯಲ್ಲಿ ತಮ್ಮ ಸಂಗಡಿಗರೊಂದಿಗೆ ವರ್ಷಗಟ್ಟಲೆ ಅಧ್ಯಯನ ಮಾಡಿದರು. 1956ರ ಆಗಸ್ಟ್ 4ರಂದು ಚಾಲನೆಗೊಂಡ 'ಅಪ್ಸರಾ' ರಿಯಾಕ್ಟರಿನ ನ್ಯೂಟ್ರಾನುಗಳು ಅವರಿಗೆ ಇದಕ್ಕೆ ಒದಗಿದವು. ಸೀಳುವಿಕೆ ಎಂದರೆ ಆಕಾರ ಕೆಡುವುದರ ಕೊನೆಯ ಹಂತ. ನಾನು ಹೇಳಹೊರಟಿರುವುದು ಅದಕ್ಕಿಂತ ಮೆಲ್ಲನೆಯ ಒಂದು ಕ್ರಿಯೆ. ನ್ಯೂಕ್ಲಿಯಸ್ ಪೂರ್ತಿ ಸೀಳುವುದಿಲ್ಲ, ಒಂದು ಸಣ್ಣ ತುಣುಕನ್ನು ಮಾತ್ರ ಹೊರಗೆ ಎಸೆಯುತ್ತದೆ.

ಆ ತುಣುಕಿಗೆ ಆಲ್ಫಾ ಕಣ ಎಂದು ಹೆಸರು. 1899ರಲ್ಲಿ ರುದರ್‌ಫೋರ್ಡ್ ಇಟ್ಟ ಹೆಸರು. ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಸೇರಿದ ಗಟ್ಟಿ ಗಂಟು ಅದು. ಹೀಲಿಯಂನ ನ್ಯೂಕ್ಲಿಯಸ್ಸೂ ಅದೇ. ನೀವು ಅದನ್ನು ಕಂಡಿಲ್ಲ, ಆದರೆ ನಿಮ್ಮ ಮನೆಯ ಹಿರಿಯರೆಲ್ಲ ಅದರ ಪಕ್ಕದಲ್ಲೇ ಕೂತು ಮದುವೆಯ ಊಟ ಮಾಡಿದ್ದಾರೆ. ಕರೆಂಟ್ ಇಲ್ಲದ ಕಾಲದಲ್ಲಿ ಪೆಟ್ರೋಮ್ಯಾಕ್ಸ್ ದೀಪಕ್ಕೆ ಕಟ್ಟುತ್ತಿದ್ದ ಮ್ಯಾಂಟಲ್ ನೆನಪಿದೆಯೇ? ಅದು ಅಷ್ಟು ಬೆಳ್ಳಗೆ ಉರಿಯಲು ಅದರಲ್ಲಿ ಥೋರಿಯಂ ಬೆರೆಸುತ್ತಿದ್ದರು. ಥೋರಿಯಂ ಕೇರಳದ ಕಡಲತೀರದ ಮರಳಿನಲ್ಲಿ ಸಿಗುವ ಧಾತು. ಅದರ ನ್ಯೂಕ್ಲಿಯಸ್ಸುಗಳು ಒಂದೊಂದಾಗಿ ಆಲ್ಫಾ ಕಣವನ್ನು ಹೊರಗೆ ಬಿಡುತ್ತಿರುತ್ತವೆ. ಹೆದರಬೇಡಿ, ಒಂದು ಕಾಗದದ ಹಾಳೆ ಸಾಕು ಅದನ್ನು ತಡೆಯಲು. ಹೊಟ್ಟೆಗೋ ಶ್ವಾಸಕೋಶಕ್ಕೋ ಹೋದರೆ ಮಾತ್ರ ಅಪಾಯ.

ಥೋರಿಯಂ-232ರ ಅರ್ಧಾಯು 1400 ಕೋಟಿ ವರ್ಷ. ಅಂದರೆ ಇಂದು ನಿಮ್ಮ ಬಳಿ ಇರುವ ಥೋರಿಯಂ ಅರ್ಧವಾಗಲು ವಿಶ್ವದ ಈಗಿನ ವಯಸ್ಸಿಗಿಂತಲೂ ಹೆಚ್ಚು ಕಾಲ ಬೇಕು. ಪೊಲೋನಿಯಂ-212 ಎಂಬ ಇನ್ನೊಂದು ಇದೆ. ಅದರ ಅರ್ಧಾಯು ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ, 0.3 ಮೈಕ್ರೊಸೆಕೆಂಡ್. ಎರಡೂ ಬಿಡುವುದು ಅದೇ ಆಲ್ಫಾ ಕಣವನ್ನೇ. ಥೋರಿಯಂನ ಆಲ್ಫಾ 4 ಎಂಇವಿ ಶಕ್ತಿಯಲ್ಲಿ ಬರುತ್ತದೆ, ಪೊಲೋನಿಯಂನದು 8.8 ಎಂಇವಿಯಲ್ಲಿ. ಶಕ್ತಿಯಲ್ಲಿ ಇರುವುದು ಎರಡು ಪಟ್ಟು ವ್ಯತ್ಯಾಸ; ಕಾಲದಲ್ಲಿ ಮಾತ್ರ 1ರ ಮುಂದೆ 24 ಸೊನ್ನೆ ಹಾಕಿದಷ್ಟು! ನನಗೆ ತಿಳಿದ ಮಟ್ಟಿಗೆ ಇಷ್ಟು ಸಣ್ಣ ಕಾರಣಕ್ಕೆ ಇಷ್ಟು ದೊಡ್ಡ ಪರಿಣಾಮ ಪ್ರಕೃತಿಯಲ್ಲಿ ಬೇರೆಲ್ಲೂ ಸುಲಭಕ್ಕೆ ಸಿಗದು. ಈ ಎರಡರ ನಡುವೆ ಒಂದು ಲೆಕ್ಕಾಚಾರ ಇದೆ ಎಂದು ಗೈಗರ್ ಮತ್ತು ನಟಾಲ್ 1911ರಲ್ಲೇ ಕಂಡುಕೊಂಡರು. ಯಾಕೆ ಎಂದು ತಿಳಿಯಲು 1928ರವರೆಗೆ ಕಾಯಬೇಕಾಯಿತು. ಆಗ 24 ವರ್ಷದ ಜಾರ್ಜ್ ಗ್ಯಾಮೋ, ಅವನಿಗೆ ತಿಳಿಯದಂತೆ ಅಮೆರಿಕದಲ್ಲಿ ಗರ್ನಿ ಮತ್ತು ಕಾಂಡನ್ ಉತ್ತರ ಕೊಟ್ಟರು.

ಉತ್ತರ ಹೀಗಿದೆ. ನ್ಯೂಕ್ಲಿಯಸ್ಸಿನ ಸುತ್ತ ಶಕ್ತಿಯ ಒಂದು ಗೋಡೆ ಇದೆ ಎಂದುಕೊಳ್ಳಿ. ಒಳಗಿರುವ ಆಲ್ಫಾ ಕಣಕ್ಕೆ ಆ ಗೋಡೆಯನ್ನು ಹತ್ತಿ ದಾಟುವಷ್ಟು ಶಕ್ತಿ ಇಲ್ಲ. ನಮ್ಮ ನಿಮ್ಮ ಲೋಕದಲ್ಲಾದರೆ ಅದು ಎಂದೆಂದಿಗೂ ಒಳಗೇ ಬಿದ್ದಿರಬೇಕಿತ್ತು. ಆದರೆ ಕ್ವಾಂಟಂ ಲೋಕದಲ್ಲಿ ಗೋಡೆಯನ್ನು ಹತ್ತದೆ ತೂರಿ ಹೋಗುವ ಒಂದು ಸಣ್ಣ ಸಾಧ್ಯತೆ ಉಳಿದೇ ಇರುತ್ತದೆ. ಇದಕ್ಕೆ ಸುರಂಗ ಪರಿಣಾಮ ಎನ್ನುತ್ತಾರೆ. ಕಣ ಒಂದು ಸೆಕೆಂಡಿಗೆ 1ರ ಮುಂದೆ 21 ಸೊನ್ನೆಗಳಷ್ಟು ಸಲ ಗೋಡೆಗೆ ಬಡಿಯುತ್ತದೆ. ಥೋರಿಯಂನಲ್ಲಿ ಸರಾಸರಿ 38 ಸೊನ್ನೆಗಳಷ್ಟು ಬಡಿತಕ್ಕೆ ಒಮ್ಮೆ ಹೊರಬೀಳುತ್ತದೆ. ಗೋಡೆ ಸ್ವಲ್ಪ ತೆಳ್ಳಗಾದರೂ ಸಾಕು, ಲೆಕ್ಕ ಬುಡಮೇಲಾಗುತ್ತದೆ.

ಈಗ ಆಕಾರಕ್ಕೆ ಬರೋಣ. ನ್ಯೂಕ್ಲಿಯಸ್ ಉಂಡೆ ಕೊಬ್ಬರಿಯಂತೆ ಗುಂಡಗಿದ್ದರೆ ಗೋಡೆ ಎಲ್ಲ ಕಡೆಯೂ ಒಂದೇ ದಪ್ಪ. ಮಟ್ಟೆ ಸಮೇತದ ಕಾಯಿಯಂತೆ ಉದ್ದವಾಗಿದ್ದರೆ? ತುದಿಗಳು ಕೇಂದ್ರದಿಂದ ದೂರ, ಅಲ್ಲಿ ಗೋಡೆ ತಗ್ಗು ಮತ್ತು ತೆಳು. ಸಿಹಿಗುಂಬಳದಂತೆ ಮೇಲೆ ಕೆಳಗೆ ಒತ್ತಿ ಚಪ್ಪಟೆಯಾಗಿದ್ದರೆ ಇನ್ನೊಂದು ರೀತಿ. ಇದರ ಜೊತೆಗೆ ಮತ್ತೊಂದು ಸಂಗತಿ. ಆಲ್ಫಾ ಹೊರಗೆ ಹೋದ ಮೇಲೆ ಉಳಿದ ನ್ಯೂಕ್ಲಿಯಸ್ಸಿನ ಆಕಾರ ಮೊದಲಿನಂತೆಯೇ ಇದ್ದರೆ ಕ್ಷಯ ಸಲೀಸು. ಆಕಾರ ಬದಲಾಗಬೇಕಾದರೆ ಒಳಗೆಲ್ಲ ಮರುಜೋಡಣೆ ಆಗಬೇಕು, ಕ್ಷಯ ತಡವಾಗುತ್ತದೆ. ಹಾಗಾಗಿ, ಶಕ್ತಿಯನ್ನು ನೋಡಿ ಇಷ್ಟು ಹೊತ್ತು ಆಗಬೇಕು ಎಂದು ಲೆಕ್ಕ ಹಾಕಿ, ನಿಜವಾಗಿ ಎಷ್ಟು ಹೊತ್ತಾಯಿತು ಎಂದು ಅಳೆದರೆ, ಆ ತಡ ಅಥವಾ ಬೇಗವೇ ಒಳಗಿನ ಆಕಾರವನ್ನು ಹೇಳುತ್ತದೆ. ನಾನಿ ಕಿವಿಯ ಹತ್ತಿರ ಅಲ್ಲಾಡಿಸಿ ಕೇಳುತ್ತಿದ್ದ ಗಡಗಡ ಇದೇ.

ಈ ಗಡಗಡ ಬಹಳ ಚೆನ್ನಾಗಿ ಕೇಳುವುದು ನ್ಯೂಟ್ರಾನ್ ಕೊರತೆಯಿರುವ ಭಾರದ ಸಮಸ್ಥಾನಿಗಳಲ್ಲಿ. ಪ್ರೋಟಾನುಗಳು ಒಂದನ್ನೊಂದು ದೂಡುತ್ತವೆ. ನ್ಯೂಟ್ರಾನುಗಳು ದೂಡದೆ ಬರೀ ಅಂಟಿನ ಕೆಲಸ ಮಾಡುತ್ತವೆ. ಅಂಟು ಕಡಿಮೆಯಾದಂತೆ ನ್ಯೂಕ್ಲಿಯಸ್ ನಿಲ್ಲುವುದು ಕಷ್ಟ. ಗಣಿಯಲ್ಲಿ ಸಿಗುವ ಯುರೇನಿಯಂ-238ರಲ್ಲಿ 146 ನ್ಯೂಟ್ರಾನುಗಳಿವೆ, ಅರ್ಧಾಯು ಸುಮಾರು 447 ಕೋಟಿ ವರ್ಷ. 2021ರಲ್ಲಿ ಚೀನಾದ ಲಾಂಜೌನಲ್ಲಿ ಯುರೇನಿಯಂ-214 ಅನ್ನು ತಯಾರಿಸಿದರು. ಅದರಲ್ಲಿ ನ್ಯೂಟ್ರಾನು 122 ಮಾತ್ರ, ಬದುಕಿದ್ದು ಅರ್ಧ ಮಿಲಿಸೆಕೆಂಡ್. ಅದನ್ನು ಗುರುತಿಸಿದ್ದೂ ಅದು ಬಿಟ್ಟ ಆಲ್ಫಾ ಕಣದಿಂದಲೇ.

ಎಲ್ಲಕ್ಕಿಂತ ಸೊಗಸಾದದ್ದು ಸೀಸದ ಕಥೆ. ಬ್ಯಾಟರಿಯಲ್ಲಿರುವ ಸಾಮಾನ್ಯ ಸೀಸದ ಹೆಚ್ಚಿನ ಪಾಲು ಸೀಸ-208. 82 ಪ್ರೋಟಾನ್, 126 ನ್ಯೂಟ್ರಾನ್. ಎರಡೂ 'ಮಾಂತ್ರಿಕ ಸಂಖ್ಯೆ'ಗಳು. ಒಳಗಿನ ಕವಚಗಳು ಭರ್ತಿಯಾಗಿರುವುದರಿಂದ ಅದು ಗುಂಡಗೆ, ಗಟ್ಟಿಯಾಗಿ ಇರುತ್ತದೆ. ಅದರಿಂದ 22 ನ್ಯೂಟ್ರಾನುಗಳನ್ನು ಕಿತ್ತರೆ ಸೀಸ-186. ಕೆಲವೇ ಸೆಕೆಂಡು ಬದುಕುವ ಇದು ಯಾವ ಆಕಾರದಲ್ಲಿರಬೇಕು? ಜರ್ಮನಿಯ ಡಾರ್ಮ್‌ಸ್ಟಾಟ್ ಪ್ರಯೋಗಾಲಯದಲ್ಲಿ ಆಂದ್ರೆಯೆವ್ ಮತ್ತು ಸಂಗಡಿಗರು ಕ್ರೋಮಿಯಂ ನ್ಯೂಕ್ಲಿಯಸ್ಸುಗಳನ್ನು ನಿಯೋಡಿಮಿಯಂ ಹಾಳೆಗೆ ಅಪ್ಪಳಿಸಿ ಪೊಲೋನಿಯಂ-190 ಮಾಡಿದರು. ಅದು ಕೆಲವು ಮಿಲಿಸೆಕೆಂಡಿನೊಳಗೆ ಆಲ್ಫಾ ಬಿಟ್ಟು ಸೀಸ-186 ಆಗುತ್ತದೆ. ಬಂದ ಆಲ್ಫಾಗಳನ್ನು ಅಳೆದರೆ ಮೂರು ಬೇರೆ ಬೇರೆ ಶಕ್ತಿ! ಹೆಚ್ಚಿನವು ಪೂರ್ಣ ಶಕ್ತಿಯಲ್ಲಿ ಬಂದವು. ಅಪರೂಪಕ್ಕೆ ಕೆಲವು 0.53 ಎಂಇವಿ ಕಡಿಮೆ, ಇನ್ನು ಕೆಲವು 0.65 ಎಂಇವಿ ಕಡಿಮೆ ಶಕ್ತಿಯಲ್ಲಿ ಬಂದವು. ಆ ಕಡಿಮೆ ಶಕ್ತಿಯ ಆಲ್ಫಾಗಳ ಬೆನ್ನಿಗೇ ಒಂದೊಂದು ಎಲೆಕ್ಟ್ರಾನ್ ಸಹ ಹೊರಬಂತು. ಉಳಿದ ಸ್ವಲ್ಪ ಶಕ್ತಿಯನ್ನು ನ್ಯೂಕ್ಲಿಯಸ್ ಹೀಗೆ ಕಳೆದುಕೊಳ್ಳುವುದು ತಿರುಗಾಟವಿಲ್ಲದ ಒಂದು ಸ್ಥಿತಿಯಿಂದ ತಿರುಗಾಟವಿಲ್ಲದ ಇನ್ನೊಂದಕ್ಕೆ ಇಳಿಯುವಾಗ. ಅಲ್ಲಿ ಒಂಟಿ ಗಾಮಾ ಕಿರಣ ಬರಲು ಅವಕಾಶವೇ ಇಲ್ಲ. ಇದನ್ನೆಲ್ಲ ಜೋಡಿಸಿ 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರು ಪ್ರಕಟಿಸಿದ್ದು ಇಷ್ಟು: ಸೀಸ-186 ಒಂದೇ ನ್ಯೂಕ್ಲಿಯಸ್, ಆದರೆ ಅದಕ್ಕೆ ಹತ್ತಿರ ಹತ್ತಿರದಲ್ಲೇ ಮೂರು ಆಕಾರಗಳಿವೆ. ಗುಂಡು, ಚಪ್ಪಟೆ, ಉದ್ದ. ಅದನ್ನು ಹಿಡಿದಿಟ್ಟಿರುವ ಒಟ್ಟು ಶಕ್ತಿ 1400 ಎಂಇವಿಗೂ ಮಿಕ್ಕಿದ್ದು. ಮೂರು ಆಕಾರಗಳ ನಡುವಿನ ಅಂತರ ಒಂದು ಎಂಇವಿಯೂ ಇಲ್ಲ.

ಮೇಲಿನ ಎರಡರಲ್ಲಿ ಯಾವುದು ಚಪ್ಪಟೆ, ಯಾವುದು ಉದ್ದ? 2000ದ ಲೇಖನದಲ್ಲಿ ಕೆಳಗಿನದು ಚಪ್ಪಟೆ ಎಂದಿದ್ದರು. 2022ರಲ್ಲಿ ಫಿನ್ಲೆಂಡಿನ ಯುವಾಸ್ಕುಲಾದಲ್ಲಿ ಮತ್ತೆ ಅಳೆದಾಗ ಅದು ಹೆಚ್ಚಾಗಿ ಉದ್ದನೆಯದು ಎಂದು ತಿದ್ದುಪಡಿ ಬಂತು. ಇಪ್ಪತ್ತೆರಡು ವರ್ಷ ಪುಸ್ತಕಗಳಲ್ಲಿ ಇದ್ದ ಮಾತು! ಪರೀಕ್ಷೆಯಲ್ಲಿ ಬರೆದ ಉತ್ತರ ಹೊಡೆದು ಮತ್ತೆ ಬರೆದರೆ ಅಂಕ ಹೋಗುತ್ತದೆ ಎಂದು ಹೆದರುವ ಮಕ್ಕಳಿಗೆ ನಾನು ಇದನ್ನು ಹೇಳುತ್ತಿರುತ್ತೇನೆ.

ಪಾದರಸದ ವಿಷಯ ಎರಡೇ ಮಾತಿನಲ್ಲಿ. ಜಿನೀವಾದ ಸೆರ್ನ್‌ನಲ್ಲಿ ಲೇಸರ್ ಬೆಳಕಿನಿಂದ ನ್ಯೂಕ್ಲಿಯಸ್ಸಿನ ಗಾತ್ರ ಅಳೆಯುತ್ತಾರೆ. 1972ರಿಂದ ಕಾಡುತ್ತಿದ್ದ ಒಂದು ಒಗಟನ್ನು 2018ರಲ್ಲಿ ಪೂರ್ತಿ ಬಿಡಿಸಿದರು. ಪಾದರಸ-181, 183, 185 ಮಾತ್ರ ಉದ್ದವಾಗಿ ಉಬ್ಬುತ್ತವೆ. ನಡುವಿನ 182, 184 ಹಾಗೆ ಉಬ್ಬುವುದಿಲ್ಲ. ಒಂದು ನ್ಯೂಟ್ರಾನ್ ತೆಗೆದರೆ ಉದ್ದ, ಇನ್ನೊಂದು ತೆಗೆದರೆ ಮತ್ತೆ ಹಿಂದಿನಂತೆ.

"ಇದರಿಂದ ಏನು ಉಪಯೋಗ ಸಾರ್?" ಎಂದು ಮುಂದಿನ ಸಾಲಿನ ಪೋಷಕರೊಬ್ಬರು ಊಟಕ್ಕೆ ಮುಂಚೆಯೇ ನನ್ನನ್ನು ಕೇಳಿದ್ದಾರೆ. ಆಸ್ಪತ್ರೆಗಳಲ್ಲಿ ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿಗೆ ಆಲ್ಫಾ ಬಿಡುವ ರೇಡಿಯಂ-223 ಕೊಡುತ್ತಾರೆ. ಹೊಗೆ ಪತ್ತೆಹಚ್ಚುವ ಎಷ್ಟೋ ಉಪಕರಣಗಳಲ್ಲಿ ಅಮೆರಿಸಿಯಂನ ಆಲ್ಫಾ ಬಳಸಿದ್ದಾರೆ. ಆದರೆ ಸೀಸ-186ರ ಮೂರು ಆಕಾರದಿಂದ ಯಾರಿಗೂ ಒಂದು ರೂಪಾಯಿ ಲಾಭವಾಗಿಲ್ಲ. ಅದನ್ನು ನಾನು ಮುಚ್ಚಿಡುವುದಿಲ್ಲ.

ಆ ಪೋಷಕರ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇದೆ, ನನಗೆ ಗೊತ್ತು. ಇಂಥದ್ದನ್ನು ನಮ್ಮ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಎಲ್ಲಿ ಹೋಗಿ ಕಲಿಯುವುದು, ಎಲ್ಲಿ ಮಾಡುವುದು? ಜರ್ಮನಿಯಲ್ಲೇ? ಜಿನೀವಾದಲ್ಲೇ? ಅದಕ್ಕೆ ಒಂದು ಉತ್ತರ ಕೋಲಾರದಲ್ಲಿದೆ. ಕೋಲಾರದ ಸರ್ಕಾರಿ ಮಹಿಳಾ ಕಾಲೇಜಿನ ಭೌತಶಾಸ್ತ್ರ ವಿಭಾಗದಿಂದ ಹೆಚ್.ಸಿ. ಮಂಜುನಾಥ ಅವರು ಆಲ್ಫಾ ಕ್ಷಯದ ಬಗ್ಗೆ ಬರೆದ ಲೇಖನಗಳು ಹೊರದೇಶದ ನಿಯತಕಾಲಿಕೆಗಳಲ್ಲಿ ಸಾಲುಸಾಲಾಗಿ ಬಂದಿವೆ. ಅದೇ ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಕೆ.ಎನ್. ಶ್ರೀಧರ್ ಅವರೂ ಅವರೊಂದಿಗೆ ಬರೆದಿದ್ದಾರೆ. 2016ರಲ್ಲಿ 'ನ್ಯೂಕ್ಲಿಯರ್ ಫಿಸಿಕ್ಸ್ ಎ' ಪತ್ರಿಕೆಯಲ್ಲಿ ಬಂದ ಒಂದು ಲೇಖನ 126 ಪ್ರೋಟಾನುಗಳ ಧಾತುವಿನದು. ಇದುವರೆಗೆ ಯಾರೂ ಅದನ್ನು ತಯಾರಿಸಿಲ್ಲ. ತಯಾರಾಗಿರುವುದು 118ರವರೆಗೆ ಮಾತ್ರ. ಇಲ್ಲದ ಧಾತುವಿನ ಲೆಕ್ಕ ಯಾಕೆ ಎಂದು ನಗಬೇಡಿ. ಹೊಸ ನ್ಯೂಕ್ಲಿಯಸ್ ಹುಟ್ಟಿದ ಜಾಗದಿಂದ ಅಳೆಯುವ ಉಪಕರಣದವರೆಗೆ ಹಾರಿ ಬರಲು ಸುಮಾರು ಒಂದು ಮೈಕ್ರೊಸೆಕೆಂಡ್ ಬೇಕು. ಅಷ್ಟರಲ್ಲೇ ಅದು ಕ್ಷಯಿಸಿಬಿಟ್ಟರೆ ತಿಂಗಳುಗಟ್ಟಲೆ ಯಂತ್ರ ಓಡಿಸಿದ್ದು ವ್ಯರ್ಥ. ಯಾವ ಸಮಸ್ಥಾನಿ ಎಷ್ಟು ಹೊತ್ತು ಬದುಕುತ್ತದೆ, ಆಲ್ಫಾ ಬಿಡುತ್ತದೆಯೋ ಸೀಳಿಹೋಗುತ್ತದೆಯೋ ಎಂದು ಮೊದಲೇ ಲೆಕ್ಕ ಹಾಕಿ ಹೇಳುವವರು ಬೇಕು. ಆ ಲೆಕ್ಕಕ್ಕೆ ವೇಗೋತ್ಕರ್ಷಕ ಬೇಡ. ನ್ಯೂಕ್ಲಿಯಸ್ಸುಗಳ ರಾಶಿಯ ಕೋಷ್ಟಕ ಬೇಕು, ಗಣಿತ ಬೇಕು, ಒಂದು ಕಂಪ್ಯೂಟರ್ ಬೇಕು, ಬೇಸರಪಡದ ಒಬ್ಬ ಮನುಷ್ಯ ಬೇಕು. ಜಿಲ್ಲಾ ಕೇಂದ್ರದ ಒಂದು ಸರ್ಕಾರಿ ಕಾಲೇಜಿನಲ್ಲಿ ಇವು ನಾಲ್ಕೂ ಕೂಡಿದವು.

ಇಲ್ಲಿ ನನ್ನ ಮನೆಯದೊಂದು ಮಾತು ಹೇಳಿಬಿಡುತ್ತೇನೆ. ನನ್ನ ಆಪಾ ನನಗಿಂತ ನಾಲ್ಕು ವರ್ಷ ದೊಡ್ಡವರು. ನನಗೆ ಲಾಗರಿದಮ್ ಕೋಷ್ಟಕ ನೋಡಲು ಕಲಿಸಿದ್ದು ಯಾವ ಮೇಷ್ಟರೂ ಅಲ್ಲ, ಅವರು. ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಅವರು ತೆಗೆದ ಅಂಕ ನಾನು ತೆಗೆಯಲಿಲ್ಲ. ವಿಜ್ಞಾನದ ಕಾಲೇಜು ಬೇರೆ ಊರಿನಲ್ಲಿತ್ತು, ಬಸ್ಸು ದಿನಕ್ಕೆ ಎರಡು. ಅಬ್ಬಾ ಬೇಡ ಎಂದೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಅರ್ಜಿ ಹಾಕುವ ದಿನ ಕಳೆದುಹೋಯಿತು. ಅಷ್ಟೇ. ನಾನು ಎಂ.ಎಸ್ಸಿ.ಗೆ ಸೇರಿದ ದಿನ ಆಪಾ ಅದೇ ಲಾಗರಿದಮ್ ಪುಸ್ತಕಕ್ಕೆ ಹೊಸ ರಟ್ಟು ಹಾಕಿ ನನಗೆ ಕೊಟ್ಟರು. ಅದು ಇವತ್ತು ನನ್ನ ಚೀಲದಲ್ಲಿದೆ. ಕಾರ್ಯದರ್ಶಿಗಳ ಮೂಲಕ ಸಂಘದ ವಾಚನಾಲಯಕ್ಕೆ ಕೊಟ್ಟು ಹೋಗುತ್ತೇನೆ. ಸಮಿತಿಯವರಲ್ಲಿ ಒಂದೇ ಕೋರಿಕೆ: ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನಕ್ಕೆ ಒಂದು ವಾರ ಮುಂಚೆ, ಅರ್ಜಿ ಹಾಕದ ಹುಡುಗಿಯರ ಮನೆಗೆ ಯಾರಾದರೂ ಒಮ್ಮೆ ಹೋಗಿ ಬನ್ನಿ.

ಇನ್ನು ವಿದ್ಯಾರ್ಥಿಗಳಿಗೆ ಒಂದು ಕೆಲಸ. ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಐದು ಪೊಲೋನಿಯಂಗಳ ಲೆಕ್ಕ ಕೊಡುತ್ತೇನೆ, ಬರೆದುಕೊಳ್ಳಿ. ಪೊಲೋನಿಯಂ-212: ಆಲ್ಫಾ ಶಕ್ತಿ 8.78 ಎಂಇವಿ, ಅರ್ಧಾಯು 0.3 ಮೈಕ್ರೊಸೆಕೆಂಡ್. 214: 7.69 ಎಂಇವಿ, 164 ಮೈಕ್ರೊಸೆಕೆಂಡ್. 216: 6.78 ಎಂಇವಿ, 0.15 ಸೆಕೆಂಡ್. 218: 6.00 ಎಂಇವಿ, 3.1 ನಿಮಿಷ. ಕೊನೆಗೆ 210: 5.30 ಎಂಇವಿ, 138 ದಿನ. ಎಲ್ಲ ಕಾಲವನ್ನೂ ಸೆಕೆಂಡಿಗೆ ತಂದು ಅದರ ಲಾಗರಿದಮ್ ತೆಗೆಯಿರಿ. ಅದು ನಿಂತ ಅಕ್ಷಕ್ಕೆ. ಮಲಗಿದ ಅಕ್ಷಕ್ಕೆ, 1ನ್ನು ಶಕ್ತಿಯ ವರ್ಗಮೂಲದಿಂದ ಭಾಗಿಸಿ ಬಂದದ್ದು. ಮೊದಲ ನಾಲ್ಕು ಚುಕ್ಕೆಗಳು ಹೆಚ್ಚು ಕಡಿಮೆ ಒಂದೇ ಗೆರೆಯಲ್ಲಿ ಕೂರುತ್ತವೆ. ಗೈಗರ್, ನಟಾಲ್ 1911ರಲ್ಲಿ ಕಂಡದ್ದು ಇದನ್ನೇ. ಐದನೆಯದು, 210, ಗೆರೆಯ ಮೇಲೆ ಕೂರುವುದಿಲ್ಲ. ಗೆರೆಯನ್ನು ಮುಂದಕ್ಕೆ ಎಳೆದರೆ ಅದು ಕೆಲವೇ ದಿನದಲ್ಲಿ ಅರ್ಧವಾಗಬೇಕಿತ್ತು. 138 ದಿನ ತೆಗೆದುಕೊಳ್ಳುತ್ತದೆ. ಲೆಕ್ಕ ತಪ್ಪಾಯಿತು ಎಂದು ಅಳಿಸಬೇಡಿ. 210ರಿಂದ ಪೊಲೋನಿಯಂನ 84 ಪ್ರೋಟಾನುಗಳನ್ನು ಕಳೆದು, ಉಳಿದ ನ್ಯೂಟ್ರಾನುಗಳ ಸಂಖ್ಯೆಯನ್ನು ನಾನು ಈಗಾಗಲೇ ಹೇಳಿದ ಒಂದು ಸಂಖ್ಯೆಯೊಂದಿಗೆ ಹೋಲಿಸಿ ನೋಡಿ. ನ್ಯೂಟ್ರಾನ್ ಇನ್ನೂ ಕಡಿಮೆಯಿರುವ ಪೊಲೋನಿಯಂಗಳಲ್ಲಿ ಆ ಗೆರೆಗೆ ಇನ್ನೂ ಏನೇನಾಗುತ್ತದೆ ಎಂದು 2014ರಲ್ಲಿ ಬಂದ ಒಂದು ಲೇಖನದಲ್ಲಿದೆ. ಅದನ್ನು ಓದಲು ಬೇಕಾದವರು ಗ್ರಾಫ್ ಹಾಳೆಯೊಂದಿಗೆ ನನ್ನ ಬಳಿ ಬನ್ನಿ, ಸಂಜೆಯ ಬಸ್ಸಿನವರೆಗೂ ನಾನು ಇಲ್ಲೇ ಇರುತ್ತೇನೆ.